ಪೂರ್ತಿ ವಾಕ್ಯಕ್ಕೆ ಹತ್ತಕ್ಕೆ ಹತ್ತು

ಆ ದರ್ಜಿಯ ಕಿವಿ ಸಾಮಾನ್ಯದ್ದಲ್ಲ. ಮೂರು ಬೀದಿಯಾಚೆ ಬಿದ್ದ ಸೂಜಿಯ ನಂಬರನ್ನೂ ಹೇಳಬಲ್ಲದು, ಹಾಗಂತ ಅವನೇ ಹೇಳುತ್ತಾನೆ. ಅಂದು ಲ್ಯಾಮಿನೇಷನ್ ಅಂಗಡಿಯ ಮುಂದೆ, ಮುಂದಿನ ಜನ್ಮದವರೆಗೂ ಚಾಚಿದ್ದ ಸಾಲಿನಲ್ಲಿ, ಅವನ ಮುಂದೆ ಅಕ್ಕತಂಗಿಯರಿಬ್ಬರು ನಿಂತಿದ್ದರು. ತಂಗಿಯ ಕೈಯಲ್ಲಿ ಇಂಗ್ಲಿಷ್ ಕಲಿಸುವ ತರಬೇತಿ ಮುಗಿಸಿದ ಸರ್ಟಿಫಿಕೇಟು.

“ಮೊದಲನೇ ದರ್ಜೆ ಬಂದಿದೆ. ಮತ್ಯಾಕೇ ಮುಖ ಹರಳೆಣ್ಣೆ ಕುಡಿದ ಹಾಗೆ?”

“ಯಾಕೆ ಬಂತು ಗೊತ್ತಾ ಅಕ್ಕಾ? ಪರೀಕ್ಷೆಗೆ ಅಂತ ನಾನು ಪಾಠ ಮಾಡುವಾಗ, ಕಲಿಯೋಕೆ ಬರೋ ಲಿಫ್ಟ್ ರಿಪೇರಿಯವರೊಬ್ಬರನ್ನ ‘ನಿಮ್ಮ ಹೆಂಡತಿ ಏನು ಮಾಡ್ತಾರೆ’ ಅಂತ ಇಂಗ್ಲಿಷಲ್ಲಿ ಕೇಳಿದೆ.”

“ಹೂಂ.”

“‘ಹೋದ ವಾರ ತೀರಿಕೊಂಡಳು’ ಅಂದ್ರು. ಪೂರ್ತಿ ಇಂಗ್ಲಿಷ್ ವಾಕ್ಯ, ಒಂದು ತಪ್ಪಿಲ್ಲ. ನಾನು ‘ವೆರಿ ಗುಡ್’ ಅಂದು ಪಕ್ಕದವರ ಕಡೆ ತಿರುಗಿದೆ.”

“ಅಯ್ಯೋ ಪಾಪಿ! ಸಮಾಧಾನಕ್ಕೆ ಎರಡು ಮಾತಾಡೋಕೆ ಏನು ರೋಗ?”

“ಪೂರ್ತಿ ವಾಕ್ಯ ಬಂದ ಕೂಡಲೇ ಹೊಗಳಬೇಕು, ನಮ್ಮ ಭಾಷೆ ಬಾಯಿಗೆ ಬರಲೇಬಾರದು. ಆರು ತಿಂಗಳು ಅದನ್ನೇ ಅರೆದು ಕುಡಿಸಿದ್ದಾರೆ. ಹಿಂದೆ ಕೂತಿದ್ದ ಪರೀಕ್ಷಕರು ಅದಕ್ಕೇ ಹತ್ತಕ್ಕೆ ಹತ್ತು ಕೊಟ್ರು, ಅದೇ ಕ್ಲಾಸಲ್ಲಿ ಕೆಲಸಾನೂ ಕೊಟ್ರು.”

“ಅವರ ಮನೆಗೆ ಹೋಗಿ ಕ್ಷಮೆ ಕೇಳೇ.”

“ಕೇಳಿ ಬಂದೆ. ‘ಮೂರು ದಿನ ಕೂತು ಆ ವಾಕ್ಯ ಬಾಯಿಪಾಠ ಮಾಡಿದ್ದೆ ಮೇಡಂ, ನೀವು ಕೇಳಿದ್ರೆ ಹೇಳೋಣ ಅಂತ’ ಅಂದ್ರು.”

ಅಂಗಡಿಯವ ಬಿಸಿ ಯಂತ್ರದಿಂದ ಸರ್ಟಿಫಿಕೇಟು ಎಳೆದುಕೊಟ್ಟ. ಅಕ್ಕ ಅದನ್ನು ಮಗುವಿನಂತೆ ಎದೆಗಪ್ಪಿಕೊಂಡಳು.

“ಸೋಮವಾರ ಕೆಲಸಕ್ಕೆ ಹೋಗ್ತೀಯೋ ಇಲ್ವೋ?”

“ಹೋಗದೇ ಇರೋಕಾಗುತ್ತಾ? ಆ ಲಿಫ್ಟಿನವರೂ ಬರ್ತಾರಂತೆ. ಮುಂದಿನ ಬೆಂಚಲ್ಲೇ ಕೂರ್ತಾರಂತೆ.”

ಇಬ್ಬರೂ ಬೀದಿಗಿಳಿದು ಬಸ್ಸಿನ ಕಡೆ ನಡೆದರು.