ಅಳಿಸಿಹೋದ ಮಣ್ಣಿನ ದಾರಿ

ಇತ್ತಾಗ ಬರ್ರಿ, ಗ್ವಾಡಿಗೆ ಬೆನ್ನು ಕೊಟ್ಟು ಕುಂದ್ರಿ. ಕೌದಿ ಕಾಲ ಮ್ಯಾಲೆ ಎಳಕೊಳ್ರಿ. ಕಟ್ಟಿದ ಕತಿ ಅಲ್ಲ ಇದು, ನನ್ನ ತಂಗಿ ಮೊಮ್ಮಗಳು ಮೇಘಾಗ ಹೋದ ವರ್ಷ ಆದದ್ದು.

ಆಂಬುಲೆನ್ಸಿನವರಿಗೆ ದಾರಿ ತೋರ್ಸೋ ಮ್ಯಾಪು ಮಾಡೋದು, ಬಳ್ಳಾರಿಯೊಳಗ ಆಕಿ ಕೆಲಸ. ಕಂಪ್ಯೂಟರಿನ್ಯಾಗ ಇದ್ದಬದ್ದ ದಾರಿ ಎಲ್ಲಾ ಐತಿ. ಮೋಕ ಅನ್ನೋ ಊರಿಗೆ ದಾರಿ ಕೇಳಿದ್ರೂ ಅದು ದೂರದ ಸಿರುಗುಪ್ಪದ ಗದ್ದಿ ಬದು ಸೈತ ಹುಡುಕ್ತಿತ್ತಂತ. ತಡ ಆಗೋದು. ಇಕಿ ಜಾಣಿ. ಹೊರಡೋ ಊರು, ಮುಟ್ಟೋ ಊರು, ಎರಡರ ಸುತ್ತ ಒಂದು ಚೌಕ ಎಳದು, ಅದರೊಳಗಷ್ಟೇ ಹುಡುಕು ಅಂದ್ಲು. 'ಮಣ್ಣಿನ ದಾರಿ' ಅಂತ ಬರದದ್ದನ್ನೆಲ್ಲ ಅಳಿಸಿಬಿಟ್ಲು, ಗಾಡಿ ಹೋಗಂಗಿಲ್ಲಂತ. ಕಣ್ಣು ಮುಚ್ಚಿ ತೆಗಿಯೋದ್ರಾಗ ದಾರಿ ಬರಾಕ ಹತ್ತಿತು.

ಅದಾಗಿ ಮೂರನೇ ದಿನ ಸಂಜಿಮುಂದ, ಸ್ಕೂಟಿ ಮ್ಯಾಲೆ ಕುರುಗೋಡಿನ ತನ್ನ ಮನಿಗೆ ಹೊಂಟಾಳ. ಮನ್ಯಾಗ ಐದು ತಿಂಗಳ ಕೂಸು, ಎದಿಹಾಲು ಬಿಟ್ರ ಏನೂ ಮುಟ್ಟದು. ಊರು ಇನ್ನೇನು ಬಂತು... ಹಳೇ ಬಾವಿ ದಾಟಿದ್ಲು. ಮುಂದ ಹೋದ್ಲು... ಮತ್ತ ಅದ ಬಾವಿ. ರಾಟಿ ಕಿತ್ತು ಎಷ್ಟೋ ವರ್ಷ ಆಗೇತಿ. ಆದ್ರ 'ಗಿರಕ್... ಗಿರಕ್' ಅಂತೈತಿ. ಬಳ್ಳಾರಿ ಕಡಿ ತಿರುಗಿಸಿ ಹೊಡದ್ಲು. ಅದ ಬಾವಿ! ಮೊಬೈಲ್ ನೋಡಿದ್ರ ಸುತ್ತ ಚೌಕ, ನಡುವ ಇಕಿ. 'ದಾರಿ ಇಲ್ಲ' ಅಂತ ಬಂದೈತಿ. ಹಾಲು ತುಂಬಿ ಎದಿ ಕಲ್ಲಾಗಿ, ಕುಪ್ಪಸ ತೊಯ್ದು ಹೋಗೇತಿ...

ಬಾವಿ ಕಟ್ಟಿ ಮ್ಯಾಲೆ ಒಬ್ಬ ಮುದುಕಿ ಕುಂತಿದ್ಲು. ಕಾಲಿನ ಹೆಬ್ಬೆಟ್ಟು ಎರಡೂ ಕೂಡಿಸಿ... ದಾರ ಕಟ್ಟಿತ್ತು.

"ನೀನೂ ಸಿಕ್ಕೊಂಡೇನವ್ವಾ?"

"ಮನಿಗೆ ಹೋಗ್ಬೇಕು ಯಮ್ಮಾ... ಕೂಸು ಅಳತೈತಿ."

"ನಾನೂ ಮಣ್ಣಿಗೆ ಹೋಗ್ಬೇಕು. ಮೂರು ದಿನಾತು. ಮಣ್ಣಿನ ದಾರಿ ಯಾವ ಮೂಳಿ ತಗದಾಳೋ..."

ಮೇಘಾಗ ಆಗ ಹೊಳೀತು. ಆ ಕಡಿ ಹೆಣ ಒಯ್ಯೋ ದಾರಿಗೂ 'ಮಣ್ಣಿನ ದಾರಿ' ಅಂತಾರ! ಆಫೀಸಿನ್ಯಾಗ ಇನ್ನೂ ಕುಂತಿದ್ದ, ಜೋಡಿ ಕೆಲಸ ಮಾಡೋ ಗಾದಿಲಿಂಗಗ ಫೋನ್ ಹಚ್ಚಿ ಪಿಸುಗುಟ್ಟಿದ್ಲು: "ಲೇ, ಅಳಿಸಿದ ಮಣ್ಣಿನ ದಾರಿ ವಾಪಸ್ ಹಾಕಲೇ."

"ಮತ್ತ ನಿಧಾನ ಆಗತೈತಲ್ಲಕ್ಕಾ! ಸಾಹೇಬ್ರು ನನ್ನ ಹುರದು ತಿಂತಾರ."

"ತಿನ್ಲಿ! ನಿನ್ನ ಕಾಲಿಗೆ ಬೀಳ್ತೀನಿ, ಹಾಕಲೇ..."

ಫೋನಿನ್ಯಾಗ 'ಟಕ್... ಟಕ್' ಅಂತ ಕಂಪ್ಯೂಟರಿನ ಗುಂಡಿ ಒತ್ತೋ ಸಪ್ಪಳ. ಗಿರಕ್ ಅನ್ನೋದು ನಿಂತಿತು. ಕಟ್ಟಿ ಮ್ಯಾಲೆ ಯಾರೂ ಇಲ್ಲ. ಮುಂದ ಊರಿನ ದೀಪ ಕಂಡ್ವು.

ಕೂಸು ಈಗ ಗ್ವಾಡಿ ಹಿಡಕೊಂಡು ಹೆಜ್ಜಿ ಹಾಕತೈತಿ. ಗಾದಿಲಿಂಗ ಬೈಸಿಕೊಂಡು ಕೆಲಸ ಬಿಟ್ಟ, ಮೋಕದಾಗ ಝೆರಾಕ್ಸ್ ಅಂಗಡಿ ಇಟ್ಟಾನ. ಮೇಘಾ ಅದ ಆಫೀಸಿನ್ಯಾಗ ಅದಾಳ. ಒಂದು ದಾರಿ ತಗಿಯೋದಿದ್ರೂ ಆ ಊರಿನವರಿಗೆ ಫೋನ್ ಮಾಡಿ ಕೇಳ್ತಾಳ. ಮುದುಕಿ ಯಾರಂತ ತಿಳೀಲಿಲ್ಲ... ಆ ವಾರ ಕುರುಗೋಡಿನ್ಯಾಗ ಯಾರೂ ಸತ್ತಿದ್ದಿಲ್ಲ.

ಸುಳ್ಳಂತೀರೇನು? ಓದು ಬರದಿದ್ರೂ ಅಂಕಿ ನನಗ ತಿಳೀತಾವು. ಮರುದಿನ ಸ್ಕೂಟಿ ನಾನ ನೋಡೀನಿ. ಬಳ್ಳಾರಿಯಿಂದ ಮನಿಗೆ ಮೂವತ್ತು ಕಿಲೋಮೀಟರ್ ಇದ್ದೀತು. ಮೀಟರ್ ಒಂದ ಸಂಜಿಗೆ ನಾಕುನೂರು ಏರಿತ್ತು.