ಮಹೇಂದ್ರನ ಎಂಜಲು

ಬಾಗಿಲು ಮುಂದಕ್ಕೆ ಮಾಡಿ ಕೂತುಕೊಳ್ಳಿ, ಹೇಳುತ್ತೇನೆ. ಎಲ್ಲೋ ಯಾರಿಗೋ ಆದದ್ದಲ್ಲ ಇದು. ಹೆಮ್ಮಿಗೆಯಲ್ಲಿ ನಮ್ಮ ಎದುರು ಮನೆಯ ಮಹೇಂದ್ರನಿಗೆ ಆದದ್ದು. ದೆವ್ವಕ್ಕೆ ನಡುರಾತ್ರಿಯೇ ಆಗಬೇಕು ಅಂತ ನಿಮಗೆ ಹೇಳಿದವರು ಯಾರು? ಅವತ್ತು ಇನ್ನೂ ಎಂಟು ಗಂಟೆಯೂ ಹೊಡೆದಿರಲಿಲ್ಲ.

ಮಹೇಂದ್ರನಿಗೆ ನರಸೀಪುರದ ರೈಸ್ ಮಿಲ್ಲಿನಲ್ಲಿ ಕೆಲಸ. ಕೆಲಸ ಮುಗಿಸಿ ಕೈಮರದ ಹತ್ತಿರ ಬಸ್ಸಿಳಿದರೆ ಅಲ್ಲೇ ಚಾಮಯ್ಯನ ಗಾಡಿ. ಕೋಳಿ ಲಿವರನ್ನು ಬಿದಿರ ಕಡ್ಡಿಗೆ ಪೋಣಿಸಿ ಎಣ್ಣೆಯಲ್ಲಿ ಕರಿದು ಕೊಡುತ್ತಾನೆ. ನಾಲ್ಕು ಕಡ್ಡಿ ಕಟ್ಟಿಸಿಕೊಂಡು, ಜೇಬಿನಲ್ಲಿ ತೊಂಬತ್ತರ ಬ್ರಾಂದಿ ಪ್ಯಾಕೆಟ್ ಇಟ್ಟುಕೊಂಡು, ಮಹೇಂದ್ರ ಊರಿನ ದಾರಿಯಲ್ಲಿ ನಡೆದು ಆಲದ ಕಟ್ಟೆಯ ಮೇಲೆ ಒಬ್ಬನೇ ಕೂರುವನು. ಗಾಡಿಯ ಹತ್ತಿರವೇ ನಿಂತರೆ ಗುರುತಿನವರು ಬಂದು ಮೊದಲು ಹೆಗಲಿಗೆ ಕೈ ಹಾಕುತ್ತಾರೆ, ಆಮೇಲೆ ಕಡ್ಡಿಗೆ. ಅದು ಇವನಿಗೆ ಆಗದು. ತಿನ್ನುವುದರಲ್ಲಿ ಮಹಾ ಜಿಪುಣ. ಇಡೀ ಲೋಕದಲ್ಲಿ ಅವನು ಹಂಚಿಕೊಳ್ಳುತ್ತಿದ್ದದ್ದು ಒಬ್ಬಳ ಜೊತೆ, ಐದು ವರ್ಷದ ಮಗಳು ಭಾನುಪ್ರಿಯಾ ಜೊತೆ. ಅಪ್ಪ ಉಂಡ ತಟ್ಟೆಯ ಕೊನೆಯ ತುತ್ತು ಬಾಯಿಗೆ ಬೀಳದೆ ಆ ಕೂಸು ಮಲಗುತ್ತಿರಲಿಲ್ಲ. ಅವಳೆಂದರೆ ಅವನಿಗೆ ಪ್ರಾಣ.

ಅವತ್ತು ಮೂರು ಕಡ್ಡಿ ಮುಗಿದಿತ್ತು. ಪಕ್ಕದ ನಾಲೆಯ ತೂಬಿನಲ್ಲಿ ನೀರು ಗುಳುಗುಳು ಅನ್ನುತ್ತಿತ್ತು. ಇದ್ದಕ್ಕಿದ್ದ ಹಾಗೆ ಅದು ನಿಂತಿತು... ಬೆನ್ನ ಹಿಂದೆ ಒಣಗಿದ ಎಲೆ ಚರಕ್ ಅಂದಿತು. ತಿರುಗಿದರೆ ಒಬ್ಬಳು ಮುದುಕಿ. ಊರಲ್ಲಿ ಎಂದೂ ಕಂಡ ಮುಖವಲ್ಲ.

"ಒಂದ್ ತುಂಡು ಕೊಡಪ್ಪ," ಅಂದಳು ಪಿಸುದನಿಯಲ್ಲಿ. "ಬಾಯಿ ಕೆಟ್ಟೋಗದೆ."

ಕೊಡಬಹುದಿತ್ತು. ಒಂದು ಕಡ್ಡಿ ಪೂರ್ತಿ ಇತ್ತು. ಆದರೆ ಹೊಟ್ಟೆಗಿಳಿದದ್ದು ತಲೆಗೆ ಏರಿತ್ತು, ಅವನಿಗೆ ತಮಾಷೆ ಬೇಕಾಯಿತು. ಆ ಕಡ್ಡಿಯನ್ನು ಅವಳ ಮುಂದೆಯೇ ಹಿಡಿದು, ಒಂದೊಂದೇ ತುಂಡನ್ನು ಹಲ್ಲಿನಲ್ಲಿ ಎಳೆದು, ನಿಧಾನವಾಗಿ ಅಗಿದು ತಿಂದ. ಮುದುಕಿ ಬಾಯಿ ತೆರೆದುಕೊಂಡು ನಿಂತಿದ್ದಳು. ಕೊನೆಗೆ ಬರೀ ಕಡ್ಡಿಯನ್ನು ಅವಳ ಕೈಗಿಟ್ಟ.

"ತಕ, ಚೀಪ್ಕೊ," ಅಂದ. ನಕ್ಕ.

ದೆವ್ವದ ಮಾತು ಹಾಗಿರಲಿ, ಮನುಷ್ಯರ ಮುಂದೆಯೂ ಹಾಗೆ ಮಾಡಬಾರದು. ನನಗೆ ಈಗಲೂ ಅವನ ಮೇಲೆ ಸಿಟ್ಟಿದೆ.

ಅವಳು ಚೀಪಿದಳು. ಚಪ್... ಚಪ್... ಚಪ್... ಹಲ್ಲಿಲ್ಲದ ಬಾಯಿಯ ಸದ್ದು. ಆಮೇಲೆ ಅವನ ಕಿವಿಯ ಹತ್ತಿರ ಬಗ್ಗಿದಳು.

"ನಿನ್ ಎಂಜ್ಲ ಕೊಟ್ಟೆ ಕಣಪ್ಪ. ಇನ್ಮ್ಯಾಕೆ ಅದು ನಂದು. ಇನ್ಯಾರ್ಗೂ ಕೊಡ್ಬ್ಯಾಡ."

ಅವನು ಕಣ್ಣು ಮಿಟುಕಿಸುವುದರಲ್ಲಿ ಅಲ್ಲಿ ಯಾರೂ ಇರಲಿಲ್ಲ. ತೂಬಿನ ನೀರು ಮತ್ತೆ ಗುಳುಗುಳು ಅಂದಿತು. ಕುಡಿದದ್ದು ಜಾಸ್ತಿಯಾಯಿತೇನೋ ಅಂದುಕೊಂಡು ಮಹೇಂದ್ರ ದಡದಡ ಮನೆಗೆ ನಡೆದ.

ಮುದ್ದೆ ಉಂಡ. ಮಗಳು ಎಂದಿನಂತೆ ಬಾಯಿ ತೆರೆದು ಕೂತಿದ್ದಳು. ಕೊನೆಯ ತುತ್ತು ಇಟ್ಟ. ಕೂಸು ಬಾಯಿ ಮುಚ್ಚಿತು... ತೆರೆಯಿತು.

"ಅಪ್ಪಾ, ಬಾಯಲ್ಲಿ ಏನೂ ಇಲ್ಲ."

ನೋಡಿದ. ನಿಜಕ್ಕೂ ಏನೂ ಇರಲಿಲ್ಲ. ಹಿತ್ತಿಲ ಬಾಗಿಲ ಆಚೆಯಿಂದ ಸದ್ದು ಬಂತು. ಚಪ್... ಚಪ್... ಚಪ್...

ಮಾರನೆಯ ದಿನದಿಂದ ಅನ್ನ, ಹಾಲು, ಬಾಳೆಹಣ್ಣು, ಏನು ಕೊಟ್ಟರೂ ಅದೇ ಕತೆ. ಬಾಯಿಗೆ ಹೋದದ್ದು ಹೊಟ್ಟೆಗೆ ಇಳಿಯದು. ನರಸೀಪುರದ ಡಾಕ್ಟರು ಗ್ಲೂಕೋಸ್ ಏರಿಸಿದರು. ಮೈಸೂರಿನಲ್ಲಿ ಸ್ಕ್ಯಾನ್ ಮಾಡಿ ಎಲ್ಲ ಸರಿಯಾಗಿದೆ ಅಂದರು. ಎಂಟನೆಯ ದಿನಕ್ಕೆ ಕೂಸಿನ ಕಾಲುಚೈನು ಪಾದ ದಾಟಿ ತಾನಾಗಿ ಕಳಚಿ ಬಿತ್ತು. ಆಗ ಮಹೇಂದ್ರ ತಾಯಿ ಶಿವನಂಜಮ್ಮನ ಮುಂದೆ ನಡೆದದ್ದನ್ನೆಲ್ಲ ಹೇಳಿ ಅತ್ತ. ಆಯಮ್ಮ ಬೈಯಲಿಲ್ಲ. ಕೋಳಿ ಕುಯ್ಸಿ ಸಾರು ಮಾಡಿ, ತಟ್ಟೆ ತುಂಬ ಬಡಿಸಿ, ಹೋಗಿ ಆ ಕಟ್ಟೆಯ ಮೇಲಿಟ್ಟು ಕಾಲಿಗೆ ಬೀಳು ಅಂದರು.

ಅದೇ ಹೊತ್ತು, ಅದೇ ಕಟ್ಟೆ. ಎಡೆಯಿಟ್ಟು ಅಡ್ಡಬಿದ್ದ. ಬಹಳ ಹೊತ್ತು ಏನೂ ಆಗಲಿಲ್ಲ... ನೀರಿನ ಸದ್ದು ನಿಂತಿತು.

"ಕೂಸ ಬುಟ್ಬುಡವ್ವ," ಅಂದ, ತಲೆಯೆತ್ತದೆ.

"ನಾನೆಲ್ಲಿ ಇಡ್ಕಂಡಿದೀನಿ? ಕೂಸ್ಗೇ ನಿನ್ ತಟ್ಟೆ ಆಸೆ. ಆ ಆಸೆ ಸತ್ರೆ ಕೂಸು ಉಳೀತದೆ."

"ಏನ್ ಮಾಡ್ಲಿ?"

"ನಂಗೆ ಮಾಡ್ದಂಗೇ ಮಾಡು." ಅವನ ಕಿವಿಯ ಹತ್ತಿರ ಬಗ್ಗಿ ಅಂದಳು... "ನಗ್ಲೂಬೇಕು."

ಆ ರಾತ್ರಿ ಅವನು ಊಟಕ್ಕೆ ಕೂತ. ಹೆಂಡತಿ ಸೆರಗು ಬಾಯಿಗಿಟ್ಟು ಅಡುಗೆಮನೆಯಲ್ಲಿ ನಿಂತಳು. ಏಳಲಾರದ ಕೂಸು ಚಾಪೆಯಿಂದ ತೆವಳಿಕೊಂಡು ಬಂದು ಅಪ್ಪನ ಎದುರು ಬಾಯಿ ತೆರೆಯಿತು. ಅವನು ಒಂದೊಂದೇ ತುಂಡು ಎತ್ತಿ, ಅವಳ ಮುಖ ನೋಡುತ್ತ, ನಿಧಾನವಾಗಿ ಅಗಿದ. ಕೂಸು ಕಾಯಿತು. ಮತ್ತೂ ಕಾಯಿತು. ಕೊನೆಯ ತುಂಡನ್ನೂ ಬಾಯಿಗೆ ಹಾಕಿಕೊಂಡು ಖಾಲಿ ತಟ್ಟೆಯನ್ನು ಅವಳ ಮುಂದೆ ತಳ್ಳಿದ. ನಕ್ಕ. ಆ ನಗು ಬೀದಿಯವರೆಗೂ ಕೇಳಿಸಿತು. ಕೂಸು ತಟ್ಟೆಗೆ ಅಂಟಿದ್ದ ಸಾರನ್ನು ಬೆರಳಲ್ಲಿ ಬಳಿಯಲು ಹೋದಾಗ, ಎಲ್ಲಿ ಎಂಜಲು ಮುಟ್ಟುತ್ತಾಳೋ ಅಂತ ಹೆದರಿ ಕೆನ್ನೆಗೆ ಹೊಡೆದ. ಬಲಗೈ ಎಂಜಲಾಗಿತ್ತು, ಅದಕ್ಕೇ ಎಡಗೈಯಲ್ಲಿ. ಒಂದೇ ಏಟು. ಅವಳು ಅಳಲಿಲ್ಲ. ತೆರೆದ ಬಾಯಿಯನ್ನು ಮೆಲ್ಲಗೆ ಮುಚ್ಚಿಕೊಂಡಳು.

ಬೆಳಿಗ್ಗೆ ಅರ್ಧ ಲೋಟ ಹಾಲು ಕುಡಿದಳು. ಹೊಟ್ಟೆಯಲ್ಲಿ ನಿಂತಿತು. ಈಗ ಎಂಟು ವರ್ಷದ ಹುಡುಗಿ, ಕಲ್ಲುಗುಂಡಿನ ಹಾಗಿದ್ದಾಳೆ. ಅವತ್ತಿನಿಂದ ಇವತ್ತಿನವರೆಗೆ ಅಪ್ಪಾ ಅಂತ ಒಂದು ಸಲವೂ ಕರೆದಿಲ್ಲ. ಯಾಕೆ ಹಾಗೆ ಮಾಡಿದೆ ಅಂತ ಹೇಳಿದರೆ ಎಲ್ಲಿ ಆ ಆಸೆ ಮತ್ತೆ ಹುಟ್ಟುತ್ತದೋ ಅಂತ ಅವನು ಹೇಳುವುದೂ ಇಲ್ಲ.

ನಂಬುವುದಾದರೆ ನಂಬಿ, ಬಿಡುವುದಾದರೆ ಬಿಡಿ. ಅವನು ಹೊಡೆದ ಮಾರನೆಯ ಬೆಳಿಗ್ಗೆ ಕೂಸಿನ ಕೆನ್ನೆಯ ಬೆರಳ ಗುರುತು ಊದಿಕೊಂಡಿದೆ ಅಂತ ಶಿವನಂಜಮ್ಮ ಕರೆದಾಗ ಕೊಬ್ಬರಿ ಎಣ್ಣೆ ತೆಗೆದುಕೊಂಡು ಹೋದವಳು ನಾನು. ಅವನು ಹೊಡೆದದ್ದು ಒಂದೇ ಏಟು. ನನ್ನ ಕೈಯಾರೆ ಎಣ್ಣೆ ಹಚ್ಚಿದ್ದು ಎರಡೂ ಕೆನ್ನೆಗೆ.