ಬಾಯಲ್ಲಿ ಕಚ್ಚಿದ ಪಿನ್ನು

ಇದು ಆರ್ಡಿಸ್ ಟೊಲೆಫ್‌ಸನ್‌ಗೆ ಆದದ್ದು. ಹೋದ ಅಕ್ಟೋಬರ್‌ನಲ್ಲಿ. ಆಕೆ ಸುಳ್ಳು ಹೇಳುವವಳಲ್ಲ. ಹೇಳಬೇಕಾದ ಗರಜೂ ಅವಳಿಗಿಲ್ಲ.

ಹ್ಯಾಲೊರನ್ ಘಾಟಿಯ ಬುಡದಲ್ಲಿ ಕಾರಿನ ಹಿಂದೆ ಕಟ್ಟಿ ಎಳೆಯುವ ಮನೆಯಂಥ ಟ್ರೈಲರ್‌ಗಳು ರಾತ್ರಿ ತಂಗುವ ಒಂದು ಮೈದಾನ ಇದೆ. ಆವತ್ತು ಆರ್ಡಿಸ್ ಅಲ್ಲಿ ಉಳಿದಿದ್ದಳು. ಹತ್ತೂವರೆಗೆ ಸ್ನಾನದ ಮನೆಯಿಂದ ಹೊರಬಿದ್ದು, ಒದ್ದೆ ಕೂದಲಿಗೆ ಟವೆಲ್ ಸುತ್ತಿಕೊಂಡು, ಕೈಯಲ್ಲಿ ಟಾರ್ಚು ಹಿಡಿದು ತನ್ನ ಟ್ರೈಲರ್ ಕಡೆ ನಡೆದಳು. ದಾರಿಯಲ್ಲಿ ದೊಡ್ಡ ಕಾಟನ್‌ವುಡ್ ಮರ, ಅದರ ಕೆಳಗೆ ಹಳೇ ಕೈಪಂಪು. ಗಾಳಿ ಇರಲಿಲ್ಲ. ಆದರೂ ಪಂಪಿನ ಹಿಡಿಕೆ ಒಂದು ಸಲ ಕಿರ್ರ್... ಅಂದಿತು. ಆಮೇಲೆ ಸುಮ್ಮನಾಯಿತು.

"ಯಾರದು?"

"ನಾನೇ, ಹುಡುಗಿ." ಮರದ ಬುಡದ ಬೆಂಚಿನಿಂದ ಪಿಸುಮಾತು. ಮೈದಾನ ನೋಡಿಕೊಳ್ಳುವ ಮುದುಕ ಡೆಲ್ಬರ್ಟ್. ಎಂಬತ್ತರ ಹತ್ತಿರ ಹತ್ತಿರ. ಅರವತ್ತೆರಡರ ಆರ್ಡಿಸ್ ಅವನಿಗೆ ಹುಡುಗಿಯೇ. ರಾತ್ರಿ ಹತ್ತು ಗಂಟೆಯ ಮೇಲೆ ಅಲ್ಲಿ ಯಾರೂ ಗಟ್ಟಿಯಾಗಿ ಮಾತಾಡುವ ಹಾಗಿಲ್ಲ. ಆ ಕಟ್ಟಳೆ ಮಾಡಿದವನೂ ಅವನೇ.

"ಬೆಳಗ್ಗೆ ಎಷ್ಟೊತ್ತಿಗೆ ಹೊರಡ್ತೀಯ?"

"ನಾಲ್ಕೂವರೆಗೆ. ಎಂಟಾದ್ಮೇಲೆ ಘಾಟಿ ಮೇಲೆ ಗಾಳಿ ಏಳತ್ತೆ. ಅಷ್ಟೊತ್ತಿಗೆ ಆ ಕಡೆ ಇಳಿದಿರ್ಬೇಕು."

"ಒಳ್ಳೇದು. ಭಾರ ಎಲ್ಲ ಮುಂದಕ್ಕೆ ಹಾಕಿದ್ದೀಯಾ?"

"ಕಬ್ಬಿಣದ ಬಾಣಲೆಯಿಂದ ಹಿಡಿದು ಗಂಡನ ಬೂದಿ ಡಬ್ಬದವರೆಗೆ ಎಲ್ಲಾ ಚಕ್ರದ ಮುಂದೆ. ಹಿಂದಿನ ನೀರಿನ ತೊಟ್ಟಿ ಖಾಲಿ. ಇನ್ನೇನಾದ್ರೂ ಪರೀಕ್ಷೆ ಇದ್ರೆ ಕೇಳು."

ಮುದುಕ ನಕ್ಕ. ಆಮೇಲೆ ನಗು ನಿಲ್ಲಿಸಿ ಹತ್ತಿರ ಬಾಗಿದ.

"ಕೊಂಡಿ ಹಾಕುವಾಗ ಯಾರಾದ್ರೂ ಮಾತಾಡಿಸಿದ್ರೆ ಉತ್ತರ ಕೊಡ್ಬೇಡ."

"ಅದು ನಂಗೂ ಗೊತ್ತು, ಡೆಲ್ಬರ್ಟ್."

ಅದು ಎಲ್ಲರಿಗೂ ಗೊತ್ತಿರುವ ಮಾತು. ಟ್ರೈಲರ್ ಕಟ್ಟುವವರನ್ನು ಯಾರೂ ಮಾತಾಡಿಸಬಾರದು. ಮಾತಾಡಿದರೆ ಒಂದು ಕೆಲಸ ತಪ್ಪುತ್ತದೆ. ತಪ್ಪಿದ್ದು ಗೊತ್ತಾಗುವುದು ಇಳಿಜಾರಿನಲ್ಲಿ. ಅದಕ್ಕೇ ಆರ್ಡಿಸ್ ಕೊಂಡಿಯ ಅಗುಳಿ ಏಳದ ಹಾಗೆ ತೂರಿಸುವ ಪಿನ್ನನ್ನು ಹಲ್ಲಿನಲ್ಲಿ ಕಚ್ಚಿಕೊಂಡೇ ಕೆಲಸ ಮಾಡುತ್ತಿದ್ದಳು. ಪಿನ್ನು ಬಾಯಲ್ಲಿ ಇರುವವರೆಗೆ ಮಾತಿಲ್ಲ. ಯಾರೋ ಹೇಳಿಕೊಟ್ಟದ್ದಲ್ಲ. ಗಂಡ ಲೈಲ್ ಸತ್ತ ಮೇಲೆ, ಗಾಡಿಯ ಕೈಪುಸ್ತಕವನ್ನು ಪೆನ್ಸಿಲ್ ಹಿಡಿದು ಮೂರು ಸಲ ಓದಿ ತಾನೇ ಕಂಡುಕೊಂಡದ್ದು.

"ಮನುಷ್ಯರ ಮಾತು ಹೇಳ್ತಿಲ್ಲ ನಾನು," ಅಂದ ಡೆಲ್ಬರ್ಟ್. "ಒಂಬತ್ತನೇ ಜಾಗದಲ್ಲಿ ಮುಂಚೆ ವೆಂಡೆಲ್ ಅಂತ ಒಬ್ಬ ಇರ್ತಿದ್ದ. ಬಾಯಿಬಡುಕ. ಯಾರು ಕೊಂಡಿ ಹಾಕ್ತಿದ್ರೂ ಪಕ್ಕದಲ್ಲಿ ಹೋಗಿ ನಿಲ್ಲೋನು. ಎಲ್ಲಿಗೆ, ಯಾಕೆ, ಯಾರಿದ್ದಾರೆ ಜೊತೆಗೆ... ಒಂದಿನ ಹಾಗೇ ಒಬ್ಬನ್ನ ಮಾತಿಗೆಳೆದ. ಅವನು ಅಗುಳಿ ಹಾಕೋದು ಮರೆತ. ವೆಂಡೆಲ್ಲೂ ಅದೇ ದಾರೀಲಿ ಅವನ ಹಿಂದೇನೇ ಹೊರಟಿದ್ದ."

"ಆಮೇಲೆ?"

"ಏರಲ್ಲಿ ಟ್ರೈಲರ್ ಕಳಚ್ಕೊಂಡು... ಹಿಂದಿದ್ದೋನ ಮೇಲೇ ಬಂತು."

ಪಂಪಿನ ಹಿಡಿಕೆ ಮತ್ತೆ ಕಿರ್ರ್ ಅಂದಿತು. ಇಬ್ಬರೂ ಆ ಕಡೆ ನೋಡಲಿಲ್ಲ.

"ಹೋಗಿ ಮಲ್ಕೋ ಡೆಲ್ಬರ್ಟ್," ಅಂದಳು ಆರ್ಡಿಸ್. "ನಿನ್ನ ಪಂಪಿಗೆ ಎಣ್ಣೆ ಬೇಕು."

ಅವಳ ತಲೆಯಲ್ಲಿ ಬೇರೆ ಚಿಂತೆ ಇತ್ತು. ಘಾಟಿಯ ಆಚೆ ಮಾರ್ಲೆಟ್ ಊರಿನಲ್ಲಿ ಮಗಳು ಕೊರಿನ್. ಲೈಲ್ ಹೋದ ಮೇಲೆ ಆರ್ಡಿಸ್ ಮನೆ ಮಾರಿ ಟ್ರೈಲರ್‌ನಲ್ಲೇ ಸಂಸಾರ ಹೂಡಿದ್ದಳು. ಮಗಳಿಗೆ ಅದು ಸುತರಾಂ ಇಷ್ಟವಿಲ್ಲ. ಟ್ರೈಲರ್ ಕೊಳ್ಳುವವನನ್ನೂ ಹುಡುಕಿಟ್ಟಿದ್ದಳು. ಅಮ್ಮನಿಗೆ ಅಂತ ತನ್ನ ಮನೆಯ ನೆಲಮಾಳಿಗೆಯ ಕೋಣೆಗೆ ಸುಣ್ಣಬಣ್ಣವೂ ಆಗಿತ್ತು. ಕೊನೆಗೆ ಫೋನಿನಲ್ಲಿ ಒಂದು ಒಪ್ಪಂದ. ಶನಿವಾರ ಮಧ್ಯಾಹ್ನದ ಊಟಕ್ಕೆ ಅಮ್ಮ ಒಬ್ಬಳೇ ಘಾಟಿ ದಾಟಿ ಟ್ರೈಲರ್ ತಂದು ನಿಲ್ಲಿಸಿದರೆ, ಇನ್ನು ಯಾರೂ ಆ ಮಾತು ಎತ್ತುವ ಹಾಗಿಲ್ಲ. ತರಲಾಗದಿದ್ದರೆ ಮಾರಾಟ, ನೆಲಮಾಳಿಗೆ.

ಬೆಳಗಾದರೆ ಶನಿವಾರ.

ನಾಲ್ಕಕ್ಕೆ ಎದ್ದಳು. ಹುಲ್ಲಿನ ಮೇಲೆ ಹಿಮ ಕಟ್ಟಿತ್ತು. ಕಾಫಿ ಫ್ಲಾಸ್ಕಿಗೆ ಸುರಿದಳು. ಟೈರುಗಳ ಗಾಳಿ ನೋಡಿದಳು. ಎಸ್‌ಯುವಿಯನ್ನು ಇಂಚು ಇಂಚಾಗಿ ಹಿಂದಕ್ಕೆ ತಂದು, ಅದರ ಹಿಂಬದಿಯ ಉಕ್ಕಿನ ಗುಂಡನ್ನು ಟ್ರೈಲರ್‌ನ ಕೊಂಡಿಯ ನೇರಕ್ಕೆ ನಿಲ್ಲಿಸಿದಳು. ಹಣೆಗೆ ದೀಪ ಕಟ್ಟಿದಳು. ಪಿನ್ನನ್ನು ಹಲ್ಲಿನಲ್ಲಿ ಕಚ್ಚಿದಳು.

ಜಾಕಿ ತಿರುಗಿಸಿದಳು. ಕಟ... ಕಟ... ಕಟ... ಟ್ರೈಲರ್‌ನ ಮೂಗು ಕೆಳಗಿಳಿದು ಗುಂಡಿನ ಮೇಲೆ ಕೂತಿತು. ಧಪ್. ಇನ್ನು ಅಗುಳಿ ಒತ್ತಬೇಕು. ಅದು ಟಕ್ ಅನ್ನಬೇಕು. ಆಮೇಲೆ ಪಿನ್ನು.

ಕೈ ಅಗುಳಿಯ ಮೇಲಿತ್ತು.

"ಎಲ್ಲಿಗೆ ಹೊರಟ್ರಿ?"

ಬೆನ್ನ ಹಿಂದೆ. ಗಂಡಸಿನ ದನಿ. ಮೆತ್ತಗೆ, ಸಲಿಗೆಯಾಗಿ. ಆರ್ಡಿಸ್ ತಿರುಗಲಿಲ್ಲ. ಅಕ್ಕಪಕ್ಕದ ಜಾಗದವನು ಯಾರೋ ಇರಬೇಕು. ತಲೆ ಮಾತ್ರ ಆಡಿಸಿದಳು.

"ಘಾಟಿ ಹತ್ತಿ ಹೋಗ್ತೀರಾ?"

ಪಿನ್ನನ್ನು ಇನ್ನೂ ಬಿಗಿಯಾಗಿ ಕಚ್ಚಿದಳು. ಜಲ್ಲಿಯ ಮೇಲೆ ಒಂದು ಹೆಜ್ಜೆ. ಚರ್... ಇನ್ನೊಂದು. ಚರ್...

"ಗಂಡಸರು ಯಾರೂ ಇಲ್ವಾ ಜೊತೆಗೆ?"

ಈ ಪ್ರಶ್ನೆ ಅವಳನ್ನು ಎರಡು ವರ್ಷದಿಂದ ಅಟ್ಟಿಸಿಕೊಂಡು ಬಂದಿತ್ತು. ಪೆಟ್ರೋಲ್ ಬಂಕಿನಲ್ಲಿ, ಟೈರಿನ ಅಂಗಡಿಯಲ್ಲಿ, ಸ್ವಂತ ಮಗಳ ಬಾಯಲ್ಲಿ. ಉತ್ತರ ಕೊಡದೆ ಬಿಟ್ಟದ್ದೇ ಇಲ್ಲ ಅವಳು. ಪಿನ್ನನ್ನು ಬಾಯಿಂದ ತೆಗೆದು ಜಾಕೆಟ್ಟಿನ ಜೇಬಿಗೆ ಹಾಕಿದಳು.

"ಇಲ್ಲ. ಬೇಕಾಗೂ ಇಲ್ಲ. ನಾನು ಒಬ್ಬಳೇ."

"ಸರಿ... ಸರಿ..." ಅಂತು ದನಿ. ಹೆಜ್ಜೆಗಳು ದೂರ ಹೋದವು. ಚರ್... ಚರ್... ಪಂಪಿನವರೆಗೆ. ಅಲ್ಲಿಂದ ಮುಂದೆ ಕೇಳಿಸಲಿಲ್ಲ.

ಸಿಟ್ಟಿನಲ್ಲಿ ಕೈ ಚುರುಕಾಯಿತು. ಸರಪಳಿ ಎರಡನ್ನೂ ಮೂಗಿನ ಕೆಳಗೆ ಅಡ್ಡಡ್ಡ ದಾಟಿಸಿ ಸಿಕ್ಕಿಸಿದಳು. ದೀಪ, ಬ್ರೇಕಿನ ವಯರು ಚುಚ್ಚಿದಳು. ಹಿಂದಿನ ದೀಪ ನೋಡಿದಳು. ಮೆಟ್ಟಿಲು ಮಡಚಿದಳು. ಹೊರಟೇಬಿಟ್ಟಳು.

ಏರು ಶುರುವಾಯಿತು. ಗಂಟೆಗೆ ಮೂವತ್ತೈದು ಮೈಲಿ. ಎಂಜಿನ್ ಒಂದೇ ಸಮ ಗುಂಯ್ ಅನ್ನುತ್ತಿತ್ತು. ಹಿಂದೆ ಟ್ರೈಲರ್ ನೆಟ್ಟಗೆ ಬರುತ್ತಿತ್ತು. ಭಾರ ಸರಿಯಾಗಿ ಹಾಕಿದ್ದಳಲ್ಲ. ಒಳಗೊಳಗೇ ಬೀಗಿದಳು. ಕೊರಿನ್ ಮುಖ ನೋಡಬೇಕು ಮಧ್ಯಾಹ್ನ.

ಎಂಟನೇ ಮೈಲಿಯಲ್ಲಿ ಕನ್ನಡಿಯಲ್ಲಿ ಒಂದು ಬೆಳಕು ಕಂಡಿತು.

ಒಂದೇ ಹೆಡ್‌ಲೈಟ್. ಎಡಗನ್ನಡಿಯಲ್ಲಿ ಇತ್ತು. ತಿರುವು ದಾಟಿದ ಮೇಲೆ ಬಲಗನ್ನಡಿಗೆ ಬಂತು. ಬೈಕಲ್ಲ. ಅಗಲವಾದ ಗಾಡಿ, ಒಂದು ಕಣ್ಣು ಒಡೆದದ್ದು. ಹತ್ತಿರ ಬರಲಿಲ್ಲ. ಹಿಂದೆ ಬೀಳಲೂ ಇಲ್ಲ.

"ಮುಂದೆ ಹೋಗೋದಿದ್ರೆ ಹೋಗಯ್ಯಾ," ಅಂದಳು ಕನ್ನಡಿಗೆ. ದಾರಿ ಬಿಡಲು ವೇಗ ಇಳಿಸಿದಳು. ಅದೂ ಇಳಿಸಿತು.

ಬೆಳಕು ಆರಿತು. ಹೊತ್ತಿತು. ಆರಿತು. ಹೊತ್ತಿತು.

ಡೆಲ್ಬರ್ಟ್ ಹೇಳಿದ್ದು ನೆನಪಾಯಿತು. ನೆನಪಾದದ್ದಕ್ಕೇ ತನ್ನ ಮೇಲೆ ಸಿಟ್ಟು ಬಂತು. ಮುದುಕರ ಕತೆ. ನೆತ್ತಿಯ ಮೇಲೆ, ಇಳಿಜಾರು ಶುರುವಾಗುವ ಮುಂಚೆ, ಲಾರಿಯವರು ನಿಲ್ಲಿಸಿ ಬ್ರೇಕು ನೋಡಿಕೊಳ್ಳುವ ಜಾಗ ಬರುತ್ತದೆ. ಅಲ್ಲಿ ನಿಲ್ಲಿಸಿದರೆ ಹಿಂದಿನವನಿಗೆ ಹೆದರಿದ ಹಾಗಾಗುತ್ತದೆ. ನಿಲ್ಲಿಸುವುದು ಬೇಡ ಅಂದುಕೊಂಡಳು. ಊಟದ ಹೊತ್ತಿಗೆ ಮುಟ್ಟಬೇಕು...

ಆಗ ರಸ್ತೆಯಲ್ಲಿ ಒಂದು ಸಣ್ಣ ಉಬ್ಬು. ಹಿಂದಿನಿಂದ ಸದ್ದು ಬಂತು. ಧಪ್.

ಧಪ್ ಮಾತ್ರ.

ಬೆಳಗ್ಗೆಯಿಂದ ಆದ ಸದ್ದುಗಳನ್ನು ಒಂದೊಂದಾಗಿ ನೆನೆಸಿಕೊಂಡಳು. ಕಟ ಕಟ ಕಟ. ಧಪ್. ಆಮೇಲೆ ಆ ದನಿ. ಆಮೇಲೆ ಸರಪಳಿ.

ಟಕ್ ಅನ್ನುವ ಸದ್ದು ಕೇಳಿಸಿರಲೇ ಇಲ್ಲ.

ಒಮ್ಮೆಲೇ ಬ್ರೇಕು ಒತ್ತಲಿಲ್ಲ. ಒತ್ತಿದ್ದರೆ ಟ್ರೈಲರ್ ಬಂದು ಬೆನ್ನಿಗೆ ಗುದ್ದುತ್ತಿತ್ತು. ಆಕ್ಸಿಲರೇಟರಿನಿಂದ ಕಾಲು ತೆಗೆದಳು. ಟ್ರೈಲರ್‌ನ ಬ್ರೇಕನ್ನಷ್ಟೇ ಹಾಕುವ ಸಣ್ಣ ಹಿಡಿಯನ್ನು ಎರಡು ಬೆರಳಲ್ಲಿ ನಿಧಾನವಾಗಿ ಒತ್ತಿದಳು. ಬಲಕ್ಕೆ ತಿರುಗಿದಳು. ಚಕ್ರದ ಕೆಳಗೆ ಜಲ್ಲಿ ಕರಕರ ಅಂದಿತು. ಗಾಡಿ ನಿಂತಿತು. ಎದುರಿಗೆ ಮೂರು ಮಾರು ದೂರದಲ್ಲಿ ಇಳಿಜಾರು, ಕತ್ತಲಿಗೆ ಕತ್ತಲು ಸೇರಿದ ಹಾಗೆ.

ಇಳಿದು ನೋಡಿದಳು. ಅಗುಳಿ ಮೇಲಕ್ಕೆ ಎದ್ದೇ ಇತ್ತು. ಕೊಂಡಿ ಬರೇ ತನ್ನ ಭಾರದ ಮೇಲೆ ಗುಂಡಿಗೆ ಅಂಟಿಕೊಂಡು ಹನ್ನೊಂದು ಮೈಲಿ ಬಂದಿತ್ತು.

ಹಿಂದಿನ ಗಾಡಿಯೂ ನಿಂತಿತ್ತು. ದೂರದಲ್ಲಿ. ಎಂಜಿನ್ ಗುರ್... ಗುರ್... ಅನ್ನುತ್ತಿತ್ತು. ಆಮೇಲೆ ಅದೂ ಇಲ್ಲ. ಬೆಳಕೂ ಇಲ್ಲ.

ಅಗುಳಿ ಒತ್ತಿದಳು. ಟಕ್. ಪಿನ್ನಿಗೆ ಜೇಬಿಗೆ ಕೈ ಹಾಕಿದಳು. ಜೇಬು ಖಾಲಿ. ಇನ್ನೊಂದು ಜೇಬು. ಅದೂ ಖಾಲಿ. ಪಿನ್ನಿಲ್ಲದೆ ಆ ಇಳಿಜಾರು ಇಳಿಯುವ ಹಾಗಿಲ್ಲ. ಹಣೆಯ ದೀಪ ನೆಲಕ್ಕೆ ಬಿಟ್ಟು, ಎಲ್ಲಾದರೂ ಸಿಕ್ಕಿಕೊಂಡಿದೆಯೇ ಅಂತ ಟ್ರೈಲರ್ ಸುತ್ತ ಹುಡುಕಿದಳು.

ಸಿಕ್ಕಿತು. ಟ್ರೈಲರ್‌ನ ಹಿಂದಿನ ಬಂಪರಿನ ಮೇಲೆ. ಯಾರೋ ಮೇಜಿನ ಮೇಲೆ ಚಮಚ ಇಟ್ಟ ಹಾಗೆ ನೆಟ್ಟಗೆ ಇತ್ತು. ಬಂಪರಿನ ತುಂಬ ಹಿಮ. ಪಿನ್ನಿನ ಮೇಲೆ ಒಂದು ಹರಳೂ ಇಲ್ಲ. ಮುಟ್ಟಿದಳು... ಬೆಚ್ಚಗಿತ್ತು.

ಆರ್ಡಿಸ್ ಅದನ್ನು ಹಲ್ಲಿನಲ್ಲಿ ಕಚ್ಚಿಕೊಂಡು ಎಲ್ಲವನ್ನೂ ಮೊದಲಿನಿಂದ ಮಾಡಿದಳು. ಸರಪಳಿ ಬಿಚ್ಚಿದಳು, ವಯರು ಕಿತ್ತಳು, ಜಾಕಿ ಇಳಿಸಿದಳು, ಮತ್ತೆ ಶುರು. ಅರ್ಧದಲ್ಲಿ ಬೆನ್ನ ಹಿಂದೆ ಜಲ್ಲಿಯ ಸದ್ದಾಯಿತು. ಚರ್... ಚರ್... ಹತ್ತಿರ ಬಂದು ನಿಂತಿತು. ಮಾತಿಲ್ಲ. ಮೂಗಿನಿಂದ ಬಿಡುವ ಉಸಿರು ಮಾತ್ರ. ಅವಳೂ ತಿರುಗಲಿಲ್ಲ, ಬಾಯಿ ಬಿಡಲಿಲ್ಲ. ಒಂದು ಕೆಲಸವೂ ತಪ್ಪಲಿಲ್ಲ. ಟಕ್. ಕೊನೆಗೆ ಪಿನ್ನನ್ನು ಬಾಯಿಂದ ತೆಗೆದು ಅಗುಳಿಗೆ ತೂರಿಸಿದಳು. ಜಾಕಿ ಮೇಲೆತ್ತಿ, ಸರಪಳಿ ದಾಟಿಸಿ, ವಯರು ಚುಚ್ಚಿ, ಎದ್ದು ನಿಂತಳು.

ತಿರುಗಿ ನೋಡಿದಳು. ಯಾರೂ ಇರಲಿಲ್ಲ. ಹಿಮದ ಮೇಲೆ ಅವಳ ಹೆಜ್ಜೆಗಳಷ್ಟೇ.

ಹನ್ನೊಂದೂವರೆಗೆ ಮಾರ್ಲೆಟ್ ಮುಟ್ಟಿದಳು. ಅಳಿಯ ಡ್ವೇನ್ ಅಂಗಳಕ್ಕೆ ಬಂದು ಟ್ರೈಲರ್ ಸುತ್ತ ಒಂದು ಸುತ್ತು ಹಾಕಿದ.

"ಗೆದ್ದುಬಿಟ್ರಿ, ಆರ್ಡಿಸ್. ಪೂರ್ತಿ ದಾರಿ ಒಬ್ರೇ ಬಂದ್ರಾ?"

ಅವಳು ಒಮ್ಮೆ ಅಗುಳಿಯ ಪಿನ್ನಿನ ಕಡೆ ನೋಡಿದಳು.

"ಊಟಕ್ಕೆ ಏನಿದೆ?" ಅಂದಳು.

ಟ್ರೈಲರ್ ಮಾರುವ ಮಾತನ್ನು ಆಮೇಲೆ ಯಾರೂ ಎತ್ತಲಿಲ್ಲ. ಸಂಜೆ ಕೊರಿನ್ ಅಮ್ಮನ ಜಾಕೆಟ್ಟನ್ನು ಬಟ್ಟೆ ಒಗೆಯುವ ಯಂತ್ರಕ್ಕೆ ಹಾಕಿದಳು. ಒಳಗೆ ಟಣ್... ಟಣ್... ಅಂತ ಸದ್ದಾಯಿತು. ನಿಲ್ಲಿಸಿ ಜಾಕೆಟ್ಟು ಹಿಂಡಿದಳು. ಹರಿದ ಜೇಬಿನ ಒಳಗೆ, ಅಸ್ತರಿನಲ್ಲಿ ಜಾರಿಕೊಂಡಿದ್ದ ಉಕ್ಕಿನ ಪಿನ್ನು.

"ಅಮ್ಮ, ಇದು ನಿಂದಾ?"

ಅವಳದೇ. ಲೈಲ್ ತಂದುಕೊಟ್ಟದ್ದು, ಕೆಂಪು ದಾರ ಕಟ್ಟಿದ್ದು.

ಬಂಪರಿನ ಮೇಲೆ ಸಿಕ್ಕಿ ಈಗ ಅಗುಳಿಯಲ್ಲಿರುವ ಪಿನ್ನು ಹಿತ್ತಾಳೆಯದು. ಆರ್ಡಿಸ್ ಇವತ್ತಿಗೂ ಅದನ್ನು ಬದಲಾಯಿಸಿಲ್ಲ. ನಂಬದವರು ಮಾರ್ಲೆಟ್‌ಗೆ ಹೋಗಿ ಕೇಳಲಿ, ತೆಗೆದು ಕೈಗೇ ಕೊಡುತ್ತಾಳೆ. ನನಗೂ ಕೊಟ್ಟಿದ್ದಳು, ದೀಪದ ಕೆಳಗೆ ಹಿಡಿದು ನೋಡಿದ್ದೇನೆ. ನಡುವೆ ಸ್ವಲ್ಪ ಬಾಗಿದೆ. ಬಾಗಿದ ಕಡೆ, ಎರಡೂ ಬದಿಯಲ್ಲಿ, ಹಲ್ಲಿನ ಗುರುತು ಇದೆ. ಆಳವಾಗಿ. ಆರ್ಡಿಸ್ ಕಚ್ಚಿ ತೋರಿಸಿದಳು... ಅವಳ ಹಲ್ಲಿಗೆ ಅದು ಕೂರುವುದಿಲ್ಲ.